ಬ್ಯಾಟರಿ ತುಂಬುವ ಹೊತ್ತು

ಹಾಸನದ ನಮ್ಮ ಅಂಗಡಿಯ ಹಿಂದೆ ಒಂದು ಉದ್ದನೆಯ ಕೋಣೆ ಇತ್ತು. ಅದರ ಕಿಟಕಿಗಳಿಗೆ ಬಾಗಿಲಿರಲಿಲ್ಲ, ಗಾಳಿ ಆಡಲಿ ಅಂತ. ಗೋಡೆಯುದ್ದಕ್ಕೂ ಮರದ ಹಲಗೆ, ಹಲಗೆಯ ಮೇಲೆ ಚಾರ್ಜಿಗೆ ಹಾಕಿದ ಬ್ಯಾಟರಿಗಳ ಸಾಲು. ಅವುಗಳ ಬೆನ್ನ ಮೇಲೆ ನಾನೇ ಸೀಮೆಸುಣ್ಣದಲ್ಲಿ ಊರು ಬರೆಯುತ್ತಿದ್ದೆ. ಅರಕಲಗೂಡು ಟ್ರ್ಯಾಕ್ಟರ್, ಹೊಳೆನರಸೀಪುರ ಮೈಕ್‌ಸೆಟ್, ಶಾಂತಿಗ್ರಾಮ ಡೇರಿ, ಚನ್ನರಾಯಪಟ್ಟಣ ಜೀಪು. ಚಾರ್ಜು ಮುಗಿಯುತ್ತ ಬಂದಾಗ ಆಸಿಡ್ಡಿನ ಒಳಗಿನಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಸಾಲಿನ ಅಷ್ಟೂ ಬ್ಯಾಟರಿಗಳು ಒಟ್ಟಿಗೆ ಗುಳ್ಳೆ ಬಿಡುವಾಗ ಎಲ್ಲೋ ಪಕ್ಕದ ಮನೆಯಲ್ಲಿ ಅನ್ನ ಕುದಿಯುತ್ತಿರುವ ಹಾಗೆ ಕೇಳಿಸುತ್ತಿತ್ತು. ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ಅದನ್ನು ಕೇಳುತ್ತಿದ್ದರೆ, ನಾಲ್ಕು ತಾಲೂಕೂ ಒಂದೇ ಕೋಣೆಯಲ್ಲಿ ಮಲಗಿ ನಿದ್ದೆ ಹೋಗಿವೆ, ನಾನೊಬ್ಬ ಕಾವಲು ಕೂತಿದ್ದೇನೆ ಅನ್ನಿಸುತ್ತಿತ್ತು. ಕೆಲಸ ಬಿಟ್ಟು ಮನೆ ಸೇರಿದ ಮೇಲೂ ನನ್ನ ಕನಸಿನಲ್ಲಿ ಆ ಗುಳ್ಳೆಗಳು ಏಳುತ್ತಲೇ ಇವೆ.

ಈಗ ಈ ಕಸುಬಿಗೆ ಬರುವ ಹುಡುಗರು, ಹುಡುಗಿಯರೂ ಬರುತ್ತಿದ್ದಾರೆ, ಬರಲಿ, ನನ್ನನ್ನು ಕೇಳುವುದು ವೋಲ್ಟೇಜು, ಆಂಪಿಯರ್, ಲಿಥಿಯಂ. ಅದನ್ನೆಲ್ಲ ಅವರು ಮೊಬೈಲಿನಲ್ಲಿ ನನಗಿಂತ ಚೆನ್ನಾಗಿ ಓದಿಕೊಂಡಿರುತ್ತಾರೆ. ನಾನು ಹೇಳಬಹುದಾದ್ದು ಬ್ಯಾಟರಿಯ ಮುಂದೆ ಬಂದು ನಿಲ್ಲುವವರ ವಿಷಯ. ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: "ಎಷ್ಟೊತ್ತಿಗೆ ತುಂಬ್ತದೆ ಅಯ್ನೋರೆ?" ಹಳ್ಳಿಯವರಿಗೆ ನಾನು ಬ್ಯಾಟ್ರಿ ಅಯ್ನೋರು. ಹೆತ್ತವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ.

ಟ್ರ್ಯಾಕ್ಟರಿನವನು ಕೇಳಿದರೆ, ಇವತ್ತು ಉಳುಮೆ ಉಂಟೋ ಇಲ್ಲವೋ ಎಂದರ್ಥ. ಮೈಕ್‌ಸೆಟ್ಟಿನವನು ಕೇಳಿದರೆ, ಮದುವೆ ಮನೆಯಲ್ಲಿ ಬೈಸಿಕೊಳ್ಳಬೇಕೋ ಬೇಡವೋ ಎಂದರ್ಥ. ಬಾಗೂರಿನ ಭಾಗ್ಯ ಮಿಸ್ಸಿಗೆ ಮಾತ್ರ ಆ ಪ್ರಶ್ನೆಯ ಅರ್ಥವೇ ಬೇರೆ ಇತ್ತು. ನಾಳೆ ನಾನು ನಾನಾಗಿ ಹೋಗುತ್ತೇನೋ, ಇಲ್ಲಾ ಯಾರಾದರೂ ನನ್ನನ್ನು ಹೊತ್ತುಕೊಂಡು ಹೋಗಬೇಕೋ ಎಂದು ಅವಳು ಕೇಳುತ್ತಿದ್ದಳು. ಅವಳ ಹತ್ತಿರ ಬರುತ್ತೇನೆ. ಯಾವುದನ್ನೂ ಬೇಗ ಮುಗಿಸಿ ನನಗೆ ಅಭ್ಯಾಸವಿಲ್ಲ, ಸ್ವಲ್ಪ ತಾಳ್ಮೆ ಇರಲಿ.

ನಮ್ಮದು ಹೊಳೆನರಸೀಪುರದಲ್ಲಿ ಹೊಳೆಗೆ ಹತ್ತಿರದ ಬೀದಿ. ಮನೆಯಲ್ಲಿ ಮೇಷ್ಟರುಗಳು, ಅರ್ಚಕರು. ಆಸಿಡ್ ಮುಟ್ಟಿದವನು ನಾನೊಬ್ಬನೇ. ಐ.ಟಿ.ಐ ಮುಗಿಸಿ ಅಂಗಡಿಗೆ ಸೇರಿದ ಮೊದಲ ತಿಂಗಳೇ ನನ್ನ ಅಂಗಿಗಳೆಲ್ಲ ಜರಡಿಯಾದವು. ಅಮ್ಮ ಅವನ್ನು ಬೆಳಕಿಗೆ ಹಿಡಿದು ನೋಡಿ, "ಇದೇನೋ, ಸಂಬಳ ತರ್ತೀಯೋ ತೂತು ತರ್ತೀಯೋ" ಅಂದಳು. ಎರಡನ್ನೂ ತರುತ್ತಿದ್ದೆ.

ಅಂಗಡಿಯ ಯಜಮಾನರು ರುದ್ರಪ್ಪನವರು. ಬಿಳಿ ಪಂಚೆ, ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಆಸಿಡ್ ಕೋಣೆಗೆ ಬರುವಾಗಲೂ ಅದೇ ಬಿಳಿ. ಮೊದಲ ಪಾಠ ಹೇಳಿಕೊಟ್ಟವರು ಅವರೇ. "ಬ್ಯಾಟ್ರಿ ಅಂದ್ರೆ ಕೂಸು ಕಣಯ್ಯ. ಹಸಿದು ಬಂದಾಗ ಗಬಗಬ ತಿನ್ತದೆ. ಹೊಟ್ಟೆ ತುಂಬ್ತಾ ಬಂದ ಹಾಗೆ ನಿಧಾನ. ಕೊನೇ ತುತ್ತನ್ನ ತುರುಕಿದ್ಯೋ, ಕಕ್ಕಿಬಿಡ್ತದೆ." ನನ್ನ ಅಷ್ಟೂ ವರ್ಷದ ದುಡಿಮೆಯಲ್ಲಿ ಸೀಸದ ಬ್ಯಾಟರಿಯ ಬಗ್ಗೆ ಇದಕ್ಕಿಂತ ಸರಿಯಾದ ಮಾತು ನಾನು ಕೇಳಿಲ್ಲ. ಖಾಲಿ ಬ್ಯಾಟರಿ ಮುಕ್ಕಾಲು ತುಂಬಲು ಎಷ್ಟು ಹೊತ್ತು ಬೇಕೋ, ಉಳಿದ ಕಾಲು ತುಂಬಲಿಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಒಟ್ಟು ಎಂಟೋ ಹತ್ತೋ ಗಂಟೆ. ಬೆಳಿಗ್ಗೆ ಕೊಟ್ಟರೆ ಸಂಜೆ, ಸಂಜೆ ಕೊಟ್ಟರೆ ಬೆಳಿಗ್ಗೆ. ಅದರ ಮಧ್ಯೆ ಯಾರು ಬಂದು ಬಾಗಿಲು ಬಡಿದರೂ ಪ್ರಯೋಜನವಿಲ್ಲ.

ಇಷ್ಟು ಚೆನ್ನಾಗಿ ಹೇಳಿದವರೇ ಒಂದು ಸಲ ಬೆಂಗಳೂರಿಗೆ ಹೋಗಿ ಬರುವಾಗ ಒಂದು ದೊಡ್ಡ ಯಂತ್ರ ತಂದುಬಿಟ್ಟರು. ಬೇಗ ಚಾರ್ಜು ಮಾಡುವ ಯಂತ್ರವಂತೆ. ಮಾರನೆಯ ದಿನವೇ ಅಂಗಡಿಯ ಮುಂದೆ ಹಳದಿ ಬೋರ್ಡು ಎದ್ದಿತು: ಒಂದೇ ಗಂಟೆಯಲ್ಲಿ ಫುಲ್ ಚಾರ್ಜ್. "ನೀವೇ ಹೇಳಿದ್ರಲ್ಲ, ಕಕ್ಕುತ್ತೆ ಅಂತ" ಎಂದೆ. "ಕಾಲ ಬದಲಾಗಿದೆ ಕಣಯ್ಯ, ಸುಮ್ನಿರು" ಎಂದರು.

ಬೋರ್ಡು ನೋಡಿ ಮೊದಲು ಬಂದವನು ಅರಕಲಗೂಡಿನ ಕಡೆಯ ಮಂಜೇಗೌಡ. ಹೊಗೆಸೊಪ್ಪಿನ ಹೊಲದ ಉಳುಮೆ ಅರ್ಧದಲ್ಲಿ ನಿಂತಿತ್ತು, ಟ್ರ್ಯಾಕ್ಟರ್ ಸ್ಟಾರ್ಟ್ ಆಗುತ್ತಿರಲಿಲ್ಲ. ಬ್ಯಾಟರಿಯನ್ನು ಯಂತ್ರಕ್ಕೆ ಹಾಕಿ, ಅವನನ್ನು ಬೆಂಚಿನ ಮೇಲೆ ಕೂರಿಸಿ ಟೀ ಕೊಟ್ಟೆವು. ಟೀ ಆರುವುದರೊಳಗೆ ಬ್ಯಾಟರಿ ಮುಟ್ಟಲಾಗದಷ್ಟು ಬಿಸಿಯಾಯಿತು. ರುದ್ರಪ್ಪನವರು ಹತ್ತಿರ ಹೋಗಿ ಬಗ್ಗಿ ನೋಡಿದರು. ಅದು ಬುಸುಗುಟ್ಟಿ ಅವರ ಪಂಚೆಯ ಮೇಲೆ ಆಸಿಡ್ ಉಗುಳಿತು. ನಾನು ಸ್ವಿಚ್ಚು ತೆಗೆಯುವಷ್ಟರಲ್ಲಿ ಬ್ಯಾಟರಿಯ ಪಕ್ಕೆಗಳು ಉಬ್ಬಿಕೊಂಡಿದ್ದವು.

ಮಂಜೇಗೌಡ ಅದನ್ನು ಸುತ್ತಲೂ ನೋಡಿ, ತಣ್ಣಗೆ, "ಬ್ಯಾಟ್ರಿ ಕೊಟ್ಟಿದ್ದೆ, ಬೋಂಡ ಮಾಡಿ ಕೊಟ್ರಲ್ಲ ಸಾವ್ಕಾರ್ರೆ" ಅಂದ. ಯಜಮಾನರು ಅವನಿಗೊಂದು ಹೊಸ ಬ್ಯಾಟರಿ ಎತ್ತಿಕೊಟ್ಟರು. ಸಂಜೆಯ ಹೊತ್ತಿಗೆ ಅವರ ಪಂಚೆ ನನ್ನ ಅಂಗಿಯ ಜಾತಿಗೆ ಸೇರಿತು. ಹಳದಿ ಬೋರ್ಡನ್ನು ತಿರುಗಿಸಿ, ಹಿಂಬದಿಗೆ 'ಇಲ್ಲಿ ಬೀಡಿ ಸೇದಬಾರದು' ಎಂದು ಬರೆಸಿ ಚಾರ್ಜಿಂಗ್ ಕೋಣೆಯಲ್ಲಿ ತೂಗುಹಾಕಿದರು. ಬ್ಯಾಟರಿ ಗುಳ್ಳೆ ಬಿಡುವ ಕೋಣೆಯಲ್ಲಿ ಬೆಂಕಿ ಕೂಡದು, ಆ ಗಾಳಿ ಹತ್ತಿಕೊಳ್ಳುತ್ತದೆ. ಹಾಗಾಗಿ ಬೋರ್ಡು ದಂಡವಾಗಲಿಲ್ಲ.

ಹೊಳೆನರಸೀಪುರದ ನಮ್ಮ ಸೀನು ಚಿಕ್ಕಪ್ಪನ ಕೇಸು ಇನ್ನೊಂದು ತರಹದ್ದು. ಚಿಕ್ಕಪ್ಪ ಅರ್ಚಕರು. ಅವರ ಮನೆಗೆ ಇನ್‌ವರ್ಟರ್ ಹಾಕಿಸಿದವನು ನಾನೇ. ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಬಹಳ ಶುದ್ಧವಾದ ನೀರಾಗಬೇಕು ಎಂದು ಒತ್ತಿ ಹೇಳಿ ಬಂದಿದ್ದೆ. ಒಂದು ವರ್ಷ ತುಂಬುವುದರೊಳಗೆ ಫೋನು ಬಂತು. ದಿನವಿಡೀ ಚಾರ್ಜಿಗೆ ಇಟ್ಟರೂ ತುಂಬುತ್ತಿಲ್ಲವಂತೆ, ದೀಪ ಹತ್ತಿದ ಕೂಡಲೇ ಮಂಕಾಗುತ್ತದಂತೆ. ಹೋಗಿ ಮುಚ್ಚಳ ತೆಗೆದು ನೋಡಿದೆ. ಒಳಗಿನ ತಟ್ಟೆಗಳ ಮೇಲೆ ಬಿಳಿಯ ಪುಡಿ ಕಟ್ಟಿತ್ತು.

"ಚಿಕ್ಕಪ್ಪ, ಯಾವ ನೀರು ಹಾಕಿದ್ರಿ?"

"ಬಾಟ್ಲಿ ನೀರನ್ನ ಯಾರು ಮುಟ್ಟಿರ್ತಾರೋ ಏನೋ. ನೀನು ಶುದ್ಧ ಆಗ್ಬೇಕು ಅಂದ್ಯಲ್ಲ. ಬೆಳಗಿನ ಜಾವ ಹೊಳೇಲಿ ಮುಳುಗಿ, ಒದ್ದೆ ಪಂಚೇಲಿ, ತಾಮ್ರದ ಬಿಂದಿಗೇಲಿ ತಂದು ಹಾಕಿದೀನಿ ಕಣೋ. ಸ್ವಾಮಿ ಅಭಿಷೇಕಕ್ಕೆ ಆಗೋ ನೀರು ನಿನ್ನ ಡಬ್ಬಕ್ಕೆ ಆಗಲ್ವೇ?"

ನನಗೆ ನಗು ತಡೆಯಲಾಗಲಿಲ್ಲ. ಹೇಮಾವತಿಯ ನೀರಿನಲ್ಲಿ ಮಣ್ಣಿನ ಸಾರ, ಸುಣ್ಣ, ಉಪ್ಪು ಎಲ್ಲ ಇವೆ, ಬ್ಯಾಟರಿಗೆ ಬೇಕಾದ್ದು ಒಳಗೆ ಏನೇನೂ ಇಲ್ಲದ ನೀರು ಎಂದು ಬಿಡಿಸಿ ಹೇಳಿದೆ. ಚಿಕ್ಕಪ್ಪ, "ಏನೂ ಇಲ್ಲದ್ದು ಶುದ್ಧ ಹೇಗಾಗುತ್ತೋ?" ಎಂದು ಕೇಳಿದರು. ಹೊಸ ಬ್ಯಾಟರಿಗೆ ಅವರು ಬಾಟಲಿಯ ನೀರನ್ನೇ ಹಾಕಿದರು, ಆದರೆ ಒದ್ದೆ ಪಂಚೆಯನ್ನು ಬಿಡಲಿಲ್ಲ.

ಸುತ್ತಾಟದ ಕೆಲಸ ನನಗೆ ಹಿಡಿಸಿತ್ತು. ಅಂಗಡಿಯ ವ್ಯಾನು ಹತ್ತಿ ಹೋದರೆ ದಾರಿಯೇ ಅರ್ಧ ಕನಸು. ಬೆಳಿಗ್ಗೆ ಮಂಜು ಹಿಡಿದಿರುತ್ತಿತ್ತು, ಶಾಂತಿಗ್ರಾಮ ದಾಟುವಾಗ ಹಾಲಿನ ಕ್ಯಾನು ಹಿಡಿದು ನಿಂತವರ ಕಾಲುಗಳು ಮಾತ್ರ ಕಾಣುತ್ತಿದ್ದವು. ದೊಡ್ಡಗದ್ದವಳ್ಳಿಯಲ್ಲಿ ಆಲೂಗಡ್ಡೆ ಬೆಳೆಯುವವರು ಬೆನ್ನಿಗೆ ಕಟ್ಟುವ ಔಷಧಿ ಪಂಪುಗಳನ್ನು ರಿಪೇರಿಗೆ ಕೊಡುತ್ತಿದ್ದರು. ಅವುಗಳೊಳಗಿನ ಪುಟ್ಟ ಬ್ಯಾಟರಿಯನ್ನು ಯಾರದೋ ಜಗಲಿಯಲ್ಲಿ ಚಾರ್ಜಿಗೆ ಹಾಕಿ, ದೇವಸ್ಥಾನದ ಹಿಂದೆ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚುತ್ತಿದ್ದೆ. ನೀರಿನಲ್ಲಿ ಗೋಪುರ ಅಲುಗಾಡುತ್ತಿರುತ್ತಿತ್ತು. ಬ್ಯಾಟರಿ ತುಂಬುವವರೆಗೆ ಮಾಡಲು ಬೇರೇನೂ ಇಲ್ಲದ ಆ ಹೊತ್ತು ನನ್ನ ಸಂಬಳದ ದೊಡ್ಡ ಭಾಗವಾಗಿತ್ತು. ಟಾರ್ಚಿನ ಪೆನ್ಸಿಲ್ ಸೆಲ್ಲುಗಳನ್ನೂ ಆಗ ರಾತ್ರಿಯಿಡೀ ಚಾರ್ಜಿಗೆ ಇಡಬೇಕಿತ್ತು. ಬೇಗ ತುಂಬುವ ಸೆಲ್ಲುಗಳು ಆಮೇಲೆ ಬಂದವು. ಅವು ಕೈ ಸುಡುವಷ್ಟು ಕಾಯುತ್ತಿದ್ದವು, ನನಗೆ ಅವುಗಳ ಮೇಲೆ ನಂಬಿಕೆ ಇರಲಿಲ್ಲ.

ಅದರ ಹಿಂದೆಯೇ ಲಿಥಿಯಂ ಬಂತು. ಹಾಸನದ ಒಂದು ಹೋಟೆಲಿನ ಮಹಡಿಯಲ್ಲಿ ನಮಗೆಲ್ಲ ತರಬೇತಿ. ನನ್ನ ಮಗನ ವಯಸ್ಸಿನವನೊಬ್ಬ, ಒಂದು ಒಂದೂವರೆ ಗಂಟೆಯಲ್ಲಿ ತುಂಬುತ್ತದೆ, ನೀರು ಬೇಡ, ಆಸಿಡ್ ಇಲ್ಲ ಎಂದು ಹೇಳುತ್ತ ಹೋದ. ಬ್ಯಾಟರಿಯನ್ನು ಕೈಗೆ ಕೊಟ್ಟ. ಹಗುರವಾಗಿತ್ತು. ಗುಳ್ಳೆ ಏಳುತ್ತವೆಯೇ ಎಂದು ಕೇಳಿದೆ. ಎಲ್ಲರೂ ನಕ್ಕರು. ನಮ್ಮ ಆ ಉದ್ದನೆಯ ಕೋಣೆ ಈಗ ರಟ್ಟಿನ ಪೆಟ್ಟಿಗೆಗಳ ಗೋದಾಮು. ಒಳಗೆ ಹೋದರೆ ಸದ್ದೇ ಇಲ್ಲ.

ಲಿಥಿಯಂ ಕೂಡ ಕೊನೆಯ ಭಾಗಕ್ಕೆ ನಿಧಾನಿಸುತ್ತದೆ, ಇದನ್ನು ಹೊಸಬರು ನೆನಪಿಡಬೇಕು. ಅದಕ್ಕೆ ಅದರದ್ದೇ ಚಾರ್ಜರ್ ಬೇಕು. ಹಳೆಯ ಪಂಪಿನ ಪಿನ್ನು ಕೂರುತ್ತದೆ ಅಂತ ಹಳೆಯ ಚಾರ್ಜರನ್ನೇ ಸಿಕ್ಕಿಸುವವರು ಈಗಲೂ ಇದ್ದಾರೆ. ಪಿನ್ನು ಕೂತ ಮಾತ್ರಕ್ಕೆ ಜೋಡಿ ಸರಿಹೋಗುವುದಿಲ್ಲ.

ಈಗ ಭಾಗ್ಯ ಮಿಸ್ಸಿನ ಮಾತು. ಮೂರು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಅವಳ ಎರಡೂ ಕಾಲು ಸ್ವಾಧೀನ ತಪ್ಪಿದವು. ಅಪ್ಪ ಬೋರೇಗೌಡರಿಗೆ ಬಾಗೂರಿನಲ್ಲಿ ತೆಂಗಿನ ತೋಟ, ನಾಲ್ಕು ಹಸು. ಅವರು ಮಗಳನ್ನು ಬೆನ್ನ ಮೇಲೆ ಹೊತ್ತು ಪ್ರೈಮರಿಗೆ ಬಿಟ್ಟರು, ಹೈಸ್ಕೂಲಿಗೆ ಬಿಟ್ಟರು, ಚನ್ನರಾಯಪಟ್ಟಣದ ಕಾಲೇಜಿಗೆ ಹೋಗುವ ಬಸ್ಸಿಗೆ ಹತ್ತಿಸಿದರು. ಅವಳು ಓದಿ ಊರಿನ ಶಾಲೆಗೇ ಮಿಸ್ಸಾದಳು. ಆಗಲೂ ಹೊತ್ತೇ ತಂದು ತರಗತಿಯ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಬ್ಯಾಟರಿಯಲ್ಲಿ ಓಡುವ ಗಾಲಿಕುರ್ಚಿ ಬಂದ ಮೇಲೆ ಅದೆಲ್ಲ ನಿಂತಿತು. ಆ ಕುರ್ಚಿಯಿಂದಲೇ ನನಗೂ ಅವಳ ಪರಿಚಯ.

ಮೊದಲ ದಿನ ನಾನು ಹೋದಾಗ ಕುರ್ಚಿ ಜಗಲಿಯ ಮೂಲೆಯಲ್ಲಿತ್ತು. ಅದರ ಅಡಿಯ ಬ್ಯಾಟರಿಗಳು ಪೂರಿಯ ಹಾಗೆ ಉಬ್ಬಿದ್ದವು. ಅವಳ ತಮ್ಮ ಸ್ವಾಮಿ ತಲೆ ತಗ್ಗಿಸಿ ನಿಂತಿದ್ದ. ಅಕ್ಕನಿಗೆ ಕಾಯುವ ಕಷ್ಟ ಬೇಡ ಅಂತ ಟ್ರ್ಯಾಕ್ಟರಿನ ದೊಡ್ಡ ಚಾರ್ಜರಿಗೆ ಹಾಕಿದ್ದನಂತೆ.

"ಬೇಗ ತುಂಬ್ಲಿ ಅಂತ ಮಾಡ್ದೆ ಸಾ."

"ಬೇಗ ಏನೋ ತುಂಬ್ತು" ಎಂದಳು ಭಾಗ್ಯ ಮಂಚದ ಮೇಲಿನಿಂದ. "ಗಾಳಿ."

ಅದು ಮುಚ್ಚಿದ ಬ್ಯಾಟರಿ, ಒಳಗೆ ಆಸಿಡ್ ಗಂಜಿಯ ಹಾಗೆ ಗಟ್ಟಿಯಾಗಿರುತ್ತದೆ, ನೀರು ಹಾಕಲು ಮುಚ್ಚಳವಿಲ್ಲ, ಜೋರು ಮಾಡಿದರೆ ಒಳಗೇ ಒಣಗಿಹೋಗುತ್ತದೆ ಎಂದು ಹೇಳಿದೆ. ಅವಳು ಗಮನವಿಟ್ಟು ಕೇಳಿಸಿಕೊಂಡಳು. ಹೊಸ ಬ್ಯಾಟರಿ ಹಾಕಿದ ಮೇಲೆ, ರಾತ್ರಿ ಕರೆಂಟು ಹೋದರೆ ಬೆಳಿಗ್ಗೆ ಎಷ್ಟಿರುತ್ತದೆ, ಅಷ್ಟರಲ್ಲಿ ಶಾಲೆಗೆ ಹೋಗಬಹುದೇ, ಹೋದರೆ ವಾಪಸು ಬರಬಹುದೇ ಎಂದು ಒಂದೊಂದಾಗಿ ಕೇಳಿದಳು. ಇಷ್ಟು ಯಾಕೆ ಕೇಳುತ್ತೀಯಮ್ಮ ಎಂದೆ.

"ಅಪ್ಪನ ಬೆನ್ನು ನೋಡಿದೀರಾ ಸಾ? ಬಗ್ಗೋಗದೆ. ಕೇಳಿದ್ರೆ ತೆಂಗಿನ್ಕಾಯಿ ಮೂಟೆ ಒತ್ತಿದ್ದಕ್ಕೆ ಅಂತಾರೆ. ನಂಗೊತ್ತು ಅದು ಯಾವ ಮೂಟೆ ಅಂತ. ನಾನಿನ್ನ ಯಾರ್ ಮ್ಯಾಗೂ ಭಾರ ಆಕಲ್ಲ ಸಾ. ಅಷ್ಟೇ ನಂಗೆ ಬೇಕಾಗಿರೋದು."

ಬೋರೇಗೌಡರು ಹೊಸಿಲ ಮೇಲೆ ಕೂತು ಎಲೆಯಡಿಕೆ ಮೆಲ್ಲುತ್ತಿದ್ದರು. ಕೇಳಿಸಿತೋ ಇಲ್ಲವೋ, ಎದ್ದು ಹಸುಗಳ ಕಡೆ ಹೋದರು.

ಅಲ್ಲಿಂದ ಮುಂದೆ ವರ್ಷಗಟ್ಟಲೆ ಅವಳ ಫೋನು. "ಸಾ, ರಾತ್ರಿಯೆಲ್ಲ ಕರೆಂಟಿಲ್ಲ, ಅರ್ಧ ಐತೆ." "ಹೋಗಿ ಬಾಮ್ಮ, ಇಳಿಜಾರಿನಲ್ಲಿ ನಿಧಾನ." "ಸಾ, ಕಾಲು ಐತೆ." "ಹೋಗು, ಶಾಲೆಯಲ್ಲಿ ಚಾರ್ಜಿಗೆ ಹಾಕು." ಏನೂ ಇಲ್ಲದ ದಿನ ಅವಳು ರಜೆ ಹಾಕುತ್ತಿದ್ದಳು. ಅಪ್ಪ ಬೆನ್ನು ಬಗ್ಗಿಸಿ ನಿಂತರೂ ಹತ್ತುತ್ತಿರಲಿಲ್ಲ. ಒಂದು ದಿನ ಬೋರೇಗೌಡರೇ ನನಗೆ ಗುಟ್ಟಾಗಿ ಹೇಳಿದರು: "ಅಯ್ನೋರೆ, ಬೇಗ ತುಂಬೋ ಬ್ಯಾಟ್ರಿ ಬಂದ್ರೆ ನಮ್ಗೇ ಮೊದ್ಲು ಏಳಿ. ಅವ್ಳು ರಜ ಆಕಿ ಗ್ವಾಡೆ ನೋಡ್ಕಂಡು ಕುಂತ್ರೆ ನಂಗೆ ಅನ್ನ ಇಳಿಯಲ್ಲ."

ಈಗ ಅವಳ ಕುರ್ಚಿಯಲ್ಲಿ ಲಿಥಿಯಂ ಇದೆ. ಮಧ್ಯಾಹ್ನದ ಊಟದ ಬಿಡುವಿನಲ್ಲೇ ಬೇಕಾದಷ್ಟು ತುಂಬಿಕೊಳ್ಳುತ್ತದೆ. ಅದನ್ನು ಕೂರಿಸಿದ ದಿನ ನಾನು ಮೊದಲ ಸಲ ಆ ಬ್ಯಾಟರಿಗೆ ಮನಸ್ಸಿನಲ್ಲೇ ಕೈಮುಗಿದೆ. ಆದರೆ ಬೋರೇಗೌಡರು ಅದನ್ನು ನೋಡಲಿಲ್ಲ. ಅವರು ತೀರಿಕೊಂಡ ದಿನ ಅವಳ ಕುರ್ಚಿಯಲ್ಲಿದ್ದದ್ದು ಹಳೆಯ ಬ್ಯಾಟರಿಗಳೇ. ವಯಸ್ಸಾಗಿ, ತುಂಬಿದರೂ ಮೊದಲಿನ ದೂರ ಹೋಗಲಾರದಂಥವು.

ಹಿಂದಿನ ದಿನದ ಗಾಳಿಗೆ ತೆಂಗಿನ ಮರವೊಂದು ಲೈನಿನ ಮೇಲೆ ಬಿದ್ದು ಊರಿಗೆ ಕರೆಂಟಿರಲಿಲ್ಲ. ಬೆಳಿಗ್ಗೆ ಭಾಗ್ಯಳ ಫೋನು ಬಂತು.

"ಸಾ, ಅಪ್ಪ ಓಗ್ಬುಟ್ರು. ತ್ವಾಟದಲ್ಲೇ ಮಣ್ಣು ಮಾಡ್ತಾರೆ. ಕುರ್ಚೀಲಿ ಏನೂ ಇಲ್ಲ." ಆಮೇಲೆ ಅಂದಳು: "ಅಪ್ಪನ್ನ ನಾಕು ಜನ ಒತ್ಕಂಡು ಓಯ್ತಾರೆ ಸಾ. ಅವ್ರ ಇಂದೆ ನನ್ನೂ ನಾಕು ಜನ ಒತ್ಕಂಡು ಬರೋದು ಬ್ಯಾಡ."

ಅವಳ ಕುರ್ಚಿಗೆ ಹೊಂದುವ ಅಳತೆಯ ಬ್ಯಾಟರಿ ಅಂಗಡಿಯಲ್ಲಿರಲಿಲ್ಲ. ತುಂಬಿದ ಒಂದು ಇನ್‌ವರ್ಟರ್ ಬ್ಯಾಟರಿಯನ್ನೂ ಇನ್‌ವರ್ಟರನ್ನೂ ವ್ಯಾನಿಗೆ ಹಾಕಿಕೊಂಡು ಹೊರಟೆ, ಅವಳ ಚಾರ್ಜರ್ ಓಡಿಸಲು ಅಷ್ಟು ಸಾಕು. ರುದ್ರಪ್ಪನವರಿಗೆ ಆಗ ವಯಸ್ಸಾಗಿ ಕಣ್ಣು ಮಂಜಾಗಿತ್ತು. ಬಾಗಿಲವರೆಗೆ ಬಂದು, "ಅಂಗಡಿ ಯೋಚನೆ ಬಿಡು, ಹೋಗಯ್ಯ" ಎಂದರು. ಶಾಂತಿಗ್ರಾಮ, ಚನ್ನರಾಯಪಟ್ಟಣ, ಅದೇ ದಾರಿ, ಅದೇ ಮಂಜು. ಅವತ್ತು ಮಾತ್ರ ನಾನು ದಾರಿಯನ್ನು ನೋಡಲಿಲ್ಲ.

ಬೋರೇಗೌಡರನ್ನು ಮನೆಯ ಮುಂದೆ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ಕಾಸು, ಕೊರಳಿಗೆ ಹಾರ. ಅವರ ಪಕ್ಕ ನೆಲದ ಮೇಲೆ ಭಾಗ್ಯ. ನಾನು ಕೊಟ್ಟಿಗೆಯ ಬಾಗಿಲಲ್ಲಿ ಇನ್‌ವರ್ಟರ್ ಇಟ್ಟು, ಕುರ್ಚಿಯನ್ನು ಚಾರ್ಜಿಗೆ ಹಾಕಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತೆ. ಸಂಜೆಯವರೆಗೆ ಹೊತ್ತಿದ್ದರೆ ತೋಟಕ್ಕೆ ಹೋಗಿ ಬರುವಷ್ಟು ತುಂಬುತ್ತಿತ್ತು. ತೋಟ ನಾಲೆಯ ಆಚೆಗಿತ್ತು, ಒಂದು ಮೈಲಿಗೆ ಕಡಿಮೆಯಿಲ್ಲ, ನಡುವೆ ನಾಲೆಯ ಏರಿ ಹತ್ತಬೇಕು. ಆದರೆ ಮೋಡ ಕಟ್ಟಿತು. ಮನೆಗೆ ಹಿರಿಯರಾದ ಅವಳ ದೊಡ್ಡಪ್ಪ ಆಕಾಶ ನೋಡಿ, "ಮಳೆ ಬರೋ ಅಂಗದೆ, ಬೇಗ ಎತ್ತಾನ" ಎಂದರು. ಬಿದಿರು ಕಡಿಯುವ ಸದ್ದು ಶುರುವಾಯಿತು.

ಜೀವಮಾನವೆಲ್ಲ ಅವಸರದವರನ್ನು ಗದರಿಸಿದವನು ನಾನು. ಆ ಕೊಟ್ಟಿಗೆಯ ಬಾಗಿಲಲ್ಲಿ ಚಾರ್ಜರಿನ ಪುಟ್ಟ ಕೆಂಪು ದೀಪ ನೋಡುತ್ತ, ಬೇಗ ಕಣಮ್ಮ, ಬೇಗ, ಎಂದು ಬೇಡಿಕೊಳ್ಳುತ್ತಿದ್ದೆ. ಹಸುಗಳು ನನ್ನ ಹಿಂದೆ ನಿಧಾನವಾಗಿ ಮೆಲುಕು ಹಾಕುತ್ತಿದ್ದವು. ಅಳುವಿನ ಸದ್ದು ಅಲೆಯಲೆಯಾಗಿ ಬಂದು ಹೋಗುತ್ತಿತ್ತು. ಹೊತ್ತು ಓಡುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ ನನಗೆ ಮಂಪರು ಕವಿಯಿತು.

ಸ್ವಾಮಿ ಬಂದು ಪಕ್ಕದಲ್ಲಿ ಕೂತ. ಕಣ್ಣು ಊದಿತ್ತು. "ಸಾ, ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ ನೇರವಾಗಿ ವೈರ್ ಕೊಟ್ಬುಟ್ರೆ ಬೇಗ ತುಂಬಲ್ವಾ?"

"ಬೇಡಪ್ಪ. ಈ ವಯಸ್ಸಿನ ಬ್ಯಾಟರಿ. ಹೋಗೋ ಅಷ್ಟೂ ಹೋಗಲ್ಲ ಆಮೇಲೆ."

"ಇದ್ರಲ್ಲಿ ಓಯ್ತದಾ?"

"ಖಾಲಿ ಹೊಟ್ಟೆ, ಮೊದಲು ಬೇಗ ತಗೊಳ್ಳುತ್ತೆ. ಹೋಗಬಹುದು. ಬರೋದು ಹೇಳಲಾರೆ."

ತಮಟೆ ಬಡಿಯಿತು. ಚಟ್ಟಕ್ಕೆ ಹೂವು ಕಟ್ಟಿದರು. ನಾನು ವೈರು ಕಿತ್ತು ಕುರ್ಚಿಯನ್ನು ಭಾಗ್ಯಳ ಹತ್ತಿರ ತಂದೆ. ದೊಡ್ಡಪ್ಪ ಬಂದು, "ಯಾಕವ್ವಾ ಅಟ ಮಾಡ್ತೀಯ, ನಾವೆಲ್ಲ ಇಲ್ವಾ, ಎತ್ಕಂಡು ಓಯ್ತೀವಿ" ಎಂದರು. ಅವಳು ಅವರ ಕೈ ಮುಟ್ಟಿ, ಬೇಡ ಎಂದು ತಲೆಯಾಡಿಸಿ, ತೋಳಿನ ಬಲದಿಂದ ತಾನೇ ಕುರ್ಚಿಗೆ ಏರಿದಳು. ನನ್ನ ಕಡೆ ನೋಡಿದಳು. "ಹೋಗೋಕೆ ಸಾಕು ತಾಯಿ. ಅಷ್ಟೇ" ಎಂದೆ.

"ಓಗೋದೇ ನಂಗೆ ಬೇಕಾಗಿರೋದು ಸಾ."

ಮುಂದೆ ತಮಟೆ, ಪುರಿ ಎರಚುವವರು, ಹೆಗಲ ಮೇಲೆ ಬೋರೇಗೌಡರು. ಹಿಂದೆ ಅವಳ ಕುರ್ಚಿ. ಊರಿನ ಮಕ್ಕಳೆಲ್ಲ ಬೇಲಿಯ ಪಕ್ಕ ಕೈಕಟ್ಟಿ ನಿಂತಿದ್ದರು, ತಮ್ಮ ಮಿಸ್ಸು ಹೋಗುವುದನ್ನು ನೋಡುತ್ತ. ನಾಲೆಯ ಏರಿ ಬಂತು. ಅರ್ಧ ಹತ್ತುವಷ್ಟರಲ್ಲಿ ಕುರ್ಚಿ ನರಳಿ ನಿಂತಿತು. ನಾಲ್ಕಾರು ಕೈ ಒಟ್ಟಿಗೆ ಮುಂದೆ ಬಂದವು. "ಯಾರೂ ಮುಟ್ಬ್ಯಾಡಿ" ಎಂದಳು. ಜೋರಾಗಿ ಹೇಳಲಿಲ್ಲ, ತರಗತಿಯಲ್ಲಿ ಹೇಳುವಂತೆ ಹೇಳಿದಳು. ಕೈಗಳು ಹಿಂದೆ ಸರಿದವು. ಅವಳು ಕುರ್ಚಿ ಓಡಿಸುವ ಹಿಡಿ ಬಿಟ್ಟು ಸ್ವಲ್ಪ ಹೊತ್ತು ಕಾದಳು. ದಣಿದ ಬ್ಯಾಟರಿಗೆ ಬಿಡುವು ಕೊಟ್ಟರೆ ಒಂದಿಷ್ಟು ಚೇತರಿಸಿಕೊಳ್ಳುತ್ತದೆ, ಅದನ್ನು ನಾನೇ ಹೇಳಿಕೊಟ್ಟಿದ್ದೆ. ಚಟ್ಟ ಹೊತ್ತವರೂ ಏರಿಯ ಮೇಲೆ ನಿಂತು ಕಾದರು. ಮತ್ತೆ ಹಿಡಿ ತಳ್ಳಿದಳು. ಓರೆಯಾಗಿ, ಅಡ್ಡಡ್ಡಲಾಗಿ, ಒಂದೊಂದು ಮಾರು ಹತ್ತಿ ಕುರ್ಚಿ ಏರಿಯ ಮೇಲೆ ಬಂತು.

ತೆಂಗಿನ ಮರಗಳ ನಡುವೆ ಗುಂಡಿ ತೆಗೆದಿದ್ದರು. ಅವಳು ಅಂಚಿನವರೆಗೂ ಹೋಗಿ, ಬಗ್ಗಿ, ಹಿಡಿ ಮಣ್ಣು ತೆಗೆದುಕೊಂಡು ಹಾಕಿದಳು. ನನಗೆ ಕಣ್ಣು ತುಂಬಿ ಮರಗಳೆಲ್ಲ ಅಲುಗಾಡಿದಂತೆ ಕಂಡವು.

ಎಲ್ಲ ಮುಗಿದು ಜನ ತಿರುಗಿದರು. ಸಣ್ಣಗೆ ಹನಿಯತೊಡಗಿತು. ಅವಳು ಹಿಡಿ ತಳ್ಳಿದಳು, ಕುರ್ಚಿ ಕದಲಲಿಲ್ಲ. ನಾನು ಹತ್ತಿರ ಹೋಗಿ, "ಒಂದು ಸ್ವಲ್ಪ ಹೊತ್ತು ಬಿಡಮ್ಮ, ಚೇತರಿಸಿಕೊಳ್ಳುತ್ತೆ. ಏರಿವರೆಗಾದರೂ ಹೋಗಬಹುದು. ನಾನಿರುತ್ತೇನೆ" ಎಂದೆ.

ಅವಳು ಹೊಸ ಮಣ್ಣಿನ ಗುಡ್ಡೆಯನ್ನು ನೋಡುತ್ತಿದ್ದಳು. ಮಳೆ ಅದನ್ನು ಮೆಲ್ಲಗೆ ನೆನೆಸುತ್ತಿತ್ತು.

"ಬ್ಯಾಡ ಸಾ" ಎಂದಳು. ಆಮೇಲೆ ತಮ್ಮನ ಕಡೆ ತಿರುಗಿ, "ಸ್ವಾಮಿ, ನನ್ನ ಎತ್ಕಳ್ಲಾ."

ಸ್ವಾಮಿಗೆ ಅರ್ಥವಾಗಲಿಲ್ಲ. ಹುಟ್ಟಿದಾಗಿನಿಂದ ಅವನು ಅಕ್ಕನನ್ನು ಎತ್ತಿದವನಲ್ಲ. ಎತ್ತಲು ಹೋದರೆ ಬೈಸಿಕೊಂಡವನು. ಬಂದು ಅವಳ ಮುಂದೆ ಬೆನ್ನು ಮಾಡಿ ಮಂಡಿಯೂರಿದ. ಅವಳು ಅವನ ಕೊರಳಿಗೆ ಕೈ ಹಾಕಿದಳು. ಅವನು ಭಾರ ತಡೆಯಲು ಸಿದ್ಧನಾಗಿ ಹಲ್ಲು ಕಚ್ಚಿ ಎದ್ದವನು, ಎದ್ದ ರಭಸಕ್ಕೆ ಎರಡು ಹೆಜ್ಜೆ ಮುಂದೆ ಹೋಗಿ ನಿಂತುಬಿಟ್ಟ.

"ಅಕ್ಕಾ, ಇಷ್ಟೇನಾ ನಿನ್ ಭಾರ?"

"ಅಪ್ಪಾನೂ ದಿನಾ ಇಂಗೇ ಅನ್ನೋರು ಕಣ್ಲಾ. ಸುಳ್ಳು ಏಳ್ತಾರೆ ಅಂದ್ಕಂಡಿದ್ದೆ" ಎಂದಳು ಭಾಗ್ಯ, ಮುಖವನ್ನು ಅವನ ಬೆನ್ನಿಗೆ ಒತ್ತಿ. ಅವತ್ತು ಅವಳು ಅತ್ತದ್ದು ಆಗಲೇ. ಸ್ವಾಮಿ ಮಳೆಯಲ್ಲಿ ನಿಧಾನವಾಗಿ ಏರಿಯ ಕಡೆಗೆ ನಡೆದ.